ಹವಾ ಶುದ್ಧಿಯ ಚರಿತ್ರೆ ಮತ್ತು ನಮ್ಮೂರ ಕಪ್ಪು ಧೂಳು

ನಮ್ಮ ಭಾಗದ ಕನ್ನಡದಲ್ಲಿ ಗಾಳಿಯೂ ಇದೆ, ಹವಾ ಕೂಡ ಇದೆ. ಗಾಳಿ ಬೀಸುತ್ತದೆ, ಹವಾ ಕೆಡುತ್ತದೆ. ಈ ಎರಡನೆಯ ಪದ ಅರಬಿಯಿಂದ ಹೊರಟು, ಉರ್ದುವಿನ ದಾರಿ ಹಿಡಿದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳನ್ನು ತಲುಪಿತು. ಕೆಟ್ಟ ಹವಾವನ್ನು ಸರಿಪಡಿಸುವ ವಿದ್ಯೆಗೂ ಅಷ್ಟೇ ದೀರ್ಘವಾದ ಚರಿತ್ರೆಯಿದೆ.

ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸೋದರರು ಯಂತ್ರಗಳ ಕುರಿತು ಒಂದು ಗ್ರಂಥ ಬರೆದರು. ವಿಷಗಾಳಿ ತುಂಬಿದ ಬಾವಿಗೆ ಇಳಿಯುವವನಿಗೆ ತಿದಿ ಮತ್ತು ಕೊಳವೆಯ ಮೂಲಕ ಶುದ್ಧ ಗಾಳಿ ಒದಗಿಸುವ ಉಪಕರಣದ ವಿವರ ಅದರಲ್ಲಿದೆ. ಮುಂದಿನ ಶತಮಾನದಲ್ಲಿ ಜೆರುಸಲೇಮಿನ ವೈದ್ಯ ಅಲ್-ತಮೀಮಿ, ಕೆಟ್ಟ ಹವಾವನ್ನು ಶುದ್ಧಗೊಳಿಸಿ ಸಾಂಕ್ರಾಮಿಕ ರೋಗಗಳಿಂದ ಪಾರಾಗುವ ಬಗೆಗೇ ಒಂದು ಪೂರ್ಣ ಗ್ರಂಥ ರಚಿಸಿದ. ಆ ಕಾಲದ ವೈದ್ಯರು ಸುಗಂಧ ದ್ರವ್ಯಗಳ ಧೂಪವನ್ನು ನಂಬಿದ್ದರು. ನಮ್ಮ ಮನೆಗಳಲ್ಲೂ ಲೋಬಾನ ಹಾಕುತ್ತಾರೆ, ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ. ಹೊಗೆಗೆ ಸೊಳ್ಳೆ ಓಡಬಹುದು, ದುರ್ವಾಸನೆ ಮರೆಯಾಗಬಹುದು. ಆದರೆ ಹವಾದಲ್ಲಿರುವ ಧೂಳನ್ನು ಹೊಗೆ ಹಿಡಿಯುವುದಿಲ್ಲವೆಂದು ಇಂದು ನಮಗೆ ಗೊತ್ತಿದೆ.

ಧೂಳು ಹಿಡಿಯುವ ಉಪಾಯದ ಮೂಲ ಸೂತ್ರ ನಮ್ಮ ರೈತನ ಕಣದಲ್ಲೇ ಇತ್ತು. ರಾಶಿ ತೂರುವಾಗ ಭಾರವಾದ ಕಾಳು ಕೆಳಗೆ ಬೀಳುತ್ತದೆ, ಹಗುರವಾದ ಹೊಟ್ಟು ಹಾರಿಹೋಗುತ್ತದೆ. ಕೊಳಕು ಗಾಳಿಯನ್ನು ಸುಳಿಯಂತೆ ತಿರುಗಿಸಿ, ಭಾರದ ಕಣಗಳನ್ನು ಗೋಡೆಗೆ ತಳ್ಳಿ ಕೆಳಗಿಳಿಸುವ ಸೈಕ್ಲೋನ್ ಯಂತ್ರಕ್ಕೆ 1885ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಇದು ದಪ್ಪ ಧೂಳಿಗೆ ಸಾಕು. ಸಣ್ಣ ಧೂಳಿಗೆ ಬಟ್ಟೆಯ ಚೀಲಗಳ ಮೂಲಕ ಗಾಳಿ ಸೋಸುತ್ತಾರೆ.

ಮೂರನೆಯ ಉಪಾಯದ ಕಥೆಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಲೋಹ ಕರಗಿಸುವ ಕಾರ್ಖಾನೆಯ ಹೊಗೆಯ ವಿರುದ್ಧ ನೆರೆಯ ಜನ ನ್ಯಾಯಾಲಯಕ್ಕೆ ಹೋಗಿದ್ದರು. ಆಗ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಾಟ್ರೆಲ್, ಹೊಗೆಯ ಕಣಗಳಿಗೆ ವಿದ್ಯುದಾವೇಶ ಕೊಟ್ಟು ಲೋಹದ ತಗಡುಗಳಿಗೆ ಅಂಟಿಸುವ ಯಂತ್ರ ರೂಪಿಸಿದರು. ಅದಕ್ಕೆ 1908ರಲ್ಲಿ ಪೇಟೆಂಟ್ ದೊರೆಯಿತು. ಇಎಸ್‌ಪಿ ಎಂದು ಇಂದು ಕರೆಯುವುದು ಇದನ್ನೇ. ಕೆಲವೇ ವರ್ಷಗಳಲ್ಲಿ ರಿವರ್‌ಸೈಡ್ ಎಂಬಲ್ಲಿ ಕಿತ್ತಳೆ ತೋಟಗಳ ಮೇಲೆ ಸಿಮೆಂಟ್ ಧೂಳು ಬೀಳುತ್ತಿದೆಯೆಂದು ತೋಟದ ಒಡೆಯರು ಜಗಳಕ್ಕೆ ನಿಂತರು. ಅಲ್ಲಿಯೂ ಈ ಯಂತ್ರ ಬಂತು. ಹಿಡಿದ ಧೂಳಿನಲ್ಲಿ ಪೊಟ್ಯಾಷ್ ಸಿಕ್ಕು, ಅದು ಗೊಬ್ಬರವಾಗಿ ಮಾರಾಟವಾಯಿತು. ಅಂದರೆ ಈ ಯಂತ್ರ ಕಾರ್ಖಾನೆಯ ಔದಾರ್ಯದಿಂದ ಬಂದದ್ದಲ್ಲ, ನೆರೆಹೊರೆಯವರ ತಕರಾರಿನಿಂದ ಬಂದದ್ದು.

ಈಗ ನಮ್ಮ ಜಿಲ್ಲೆಗೆ ಬರೋಣ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳಕ್ಕೆ ಬಳ್ಳಾರಿ ಸೀಮೆಯ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ, ರೈಲು ಹತ್ತಿರ. ಗಿಣಿಗೇರಿ, ಹಿರೇಬಗನಾಳದ ಸುತ್ತ ಕಾರ್ಖಾನೆಗಳು ಎದ್ದವು. ಸ್ಪಾಂಜ್ ಐರನ್ ಕುಲುಮೆಯಲ್ಲಿ ಅದಿರು, ಕಲ್ಲಿದ್ದಲು, ಡಾಲಮೈಟ್ ಸೇರಿ ಸುಮಾರು 1000 ಡಿಗ್ರಿಯಲ್ಲಿ ಬೇಯುತ್ತವೆ. ಅದರ ಹೊಗೆಗೆ ಇಎಸ್‌ಪಿ ಬೇಕು, ಅದಿರು ಒಡೆಯುವ ಜಾಗಕ್ಕೆ ಚೀಲದ ಸೋಸುಕ ಬೇಕು. ಗಂಧಕದ ಅನಿಲಕ್ಕೆ ಇವೆರಡೂ ಸಾಲವು, ಸುಣ್ಣದ ನೀರಿನಲ್ಲಿ ತೊಳೆಯಬೇಕು. ಕಲ್ಲಿದ್ದಲು ಬಳಸುವ ಇಂಥ ಕಾರ್ಖಾನೆಯ ಚಿಮಣಿಯಿಂದ ಒಂದು ಘನ ಮೀಟರ್ ಹೊಗೆಯಲ್ಲಿ 100 ಮಿಲಿಗ್ರಾಂಗಿಂತ ಹೆಚ್ಚು ಧೂಳು ಹೊರಬರಬಾರದೆಂದು ಕೇಂದ್ರ ಸರಕಾರ 2008ರಲ್ಲೇ ನಿಯಮ ಮಾಡಿದೆ.

ನಿಯಮವಿದೆ, ಯಂತ್ರವೂ ಇದೆ. ಆದರೂ ಹತ್ತಿಯ ಮೇಲೆ, ಮಾಳಿಗೆಯ ಮೇಲೆ ಕಪ್ಪು ಧೂಳು ಕೂರುತ್ತಿದೆಯೆಂದು ಊರವರು ದೂರುತ್ತಲೇ ಬಂದಿದ್ದಾರೆ. ಯಂತ್ರಕ್ಕೆ ಕರೆಂಟು ಬೇಕು, ತಗಡು ತಟ್ಟಿ ಧೂಳು ಇಳಿಸಬೇಕು, ಹರಿದ ಚೀಲ ಬದಲಿಸಬೇಕು. ಇದೆಲ್ಲ ಖರ್ಚು. ಕಾಯುವವರಿಲ್ಲದಿದ್ದರೆ ಈ ಖರ್ಚು ಉಳಿಸುವ ಆಸೆ ಯಾರಿಗಾದರೂ ಬಂದೀತು. ಬೂದಿ ಹೊಗೆಯಿಂದ ಬೇರೆಯಾದ ಮೇಲೂ ಅದನ್ನು ಎಲ್ಲಿ ಸುರಿಯಬೇಕೆಂಬ ಪ್ರಶ್ನೆ ಉಳಿಯುತ್ತದೆ.

2025ರ ಫೆಬ್ರವರಿ 24ರಂದು, ಊರಿಗೆ ಅಂಟಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯೊಂದಿಗೆ ಸಾವಿರಾರು ಜನ ಬೀದಿಗಿಳಿದರು. ಇದನ್ನು ಅಭಿವೃದ್ಧಿಯ ವಿರೋಧ ಎನ್ನುವವರು ರಿವರ್‌ಸೈಡಿನ ಕಿತ್ತಳೆ ಬೆಳೆಗಾರರನ್ನು ನೆನೆಯಲಿ. ಕೆಲಸ ಬೇಕೆನ್ನುವ ನಮ್ಮ ಹುಡುಗರ ಮಾತೂ ನ್ಯಾಯವಾದದ್ದೇ. ಆದರೆ ಕೂಲಿಯ ಜೊತೆ ಕೆಮ್ಮನ್ನೂ ಮನೆಗೆ ತರಬೇಕೆಂಬ ಷರತ್ತು ಯಾವ ನ್ಯಾಯ? ಹವಾ ಸೋಸುವ ಯಂತ್ರ ನೂರು ವರ್ಷಗಳಿಂದ ಇದೆ. ಅದು ಹಗಲೂ ರಾತ್ರಿ ನಡೆಯುವಂತೆ ನೋಡಿಕೊಳ್ಳುವ ಕಣ್ಣು ಮಾತ್ರ ಊರಿನದ್ದೇ ಆಗಬೇಕು.