ಗೆದ್ದವನು ಸೋತ ಕತೆ

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ಅದಕ್ಕೆ ಯುರೋಪಿನದೊಂದು ಉದಾಹರಣೆ ಇದೆ ನೋಡಿ.

1960ರ ದಶಕದಲ್ಲಿ ಅಲ್ಲಿನ ಆರು ದೇಶಗಳು ಸೇರಿ ಗೋಧಿ, ಬೆಣ್ಣೆಗಳಿಗೆ ಒಂದೇ ಬೆಲೆ ಕಟ್ಟಿದವು. ನಾಣ್ಯ ಮಾತ್ರ ಬೇರೆ ಬೇರೆ! 1969ರಲ್ಲಿ ಫ್ರಾಂಕ್ ಇಳಿಯಿತು, ಮಾರ್ಕ್ ಏರಿತು. ಒಂದೇ ಬೆಲೆ ಅನ್ನೋದು ಹೆಸರಿಗಷ್ಟೇ ಉಳಿಯಿತು. 1971ರಲ್ಲಿ ವ್ಯತ್ಯಾಸ ಸರಿದೂಗಿಸಲು ಗಡಿಯಲ್ಲಿ 'ಹೊಂದಾಣಿಕೆ ಮೊತ್ತ' ಶುರುವಾಯಿತು. ಜರ್ಮನಿಗೆ ಆಮದಾದರೆ ವಸೂಲಿ, ಅಲ್ಲಿಂದ ರಫ್ತಾದರೆ ಪಾವತಿ. ಇದೂ ಸುಂಕವೇ ಅಂತ ಬಲ್ಗೇರಿಯಾದ ಚೀಸ್ ತರಿಸಿದ ಕಂಪನಿಯೊಂದು ವಾದಿಸಿತು. 1973ರಲ್ಲಿ ಲಕ್ಸೆಂಬರ್ಗಿನ ನ್ಯಾಯಾಲಯ ಒಪ್ಪಲಿಲ್ಲ.

ಇನ್ನೊಂದು ಕೇಸು ಫ್ರಾನ್ಸಿನ ಸಿಎನ್‌ಟಿಎ ಕಂಪನಿಯದು. ಸಾಸಿವೆ ಜಾತಿಯ ಎಣ್ಣೆಬೀಜ ರಫ್ತಿಗೆ ಕರಾರು ಮಾಡಿಕೊಂಡಿತ್ತು. 1972ರ ಜನವರಿ ಕೊನೆಯಲ್ಲಿ ಆಯೋಗ ಆ ಬೀಜದ ಮೇಲಿನ ಮೊತ್ತವನ್ನೇ ರದ್ದುಮಾಡಿತು, ಫೆಬ್ರವರಿ 1ರಿಂದಲೇ ಜಾರಿ! ನಂಬಿ ವ್ಯಾಪಾರ ಮಾಡಿದವರನ್ನು ಹೀಗೆ ನಡುನೀರಲ್ಲಿ ಬಿಡುವಂತಿಲ್ಲ, ಆದ ನಷ್ಟ ತುಂಬಿಕೊಡಬೇಕು ಅಂತ 1975ರಲ್ಲಿ ತೀರ್ಪಾಯಿತು.

ಎಷ್ಟು ನಷ್ಟ? 1976ರಲ್ಲಿ ಲೆಕ್ಕ ಬಿಚ್ಚಿದರೆ, ಮಾಲಿನ ಹಣ ಫ್ರಾಂಕಿನಲ್ಲೇ ಬಂದಿತ್ತು. ವಿನಿಮಯದ ನಷ್ಟವೇ ಇಲ್ಲ, ಪರಿಹಾರವೂ ಇಲ್ಲ.

1993ರ ಹೊತ್ತಿಗೆ ಆ ಮೊತ್ತವೇ ಹೋಯಿತು. ಸರ್ಕಾರದ ಮಾತು ನಂಬಿದವನಿಗೂ ರಕ್ಷಣೆ ಉಂಟು ಅನ್ನೋ ತತ್ವ ಉಳಿಯಿತು. ಕಂಪನಿಗೆ ಕಾಸು ಸಿಗದಿದ್ದರೂ ನಮಗೆಲ್ಲ ಲಾಭವೇ, ಅಲ್ವಾ?