ಕಚೇರಿಯೂ ಮನೆಯೂ

ಉದ್ಯೋಗಕ್ಕಾಗಿ ಮನೆಯನ್ನು ಬಿಟ್ಟು ಹೋಗುವುದು ಅನಾದಿಯಿಂದ ಬಂದ ವಾಡಿಕೆಯೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ನಮ್ಮ ಸೀಮೆಯ ಚರಿತ್ರೆಯನ್ನು ಪರ್ಯಾಲೋಚಿಸಿದರೆ ಸಂಗತಿಯು ಹಾಗಿಲ್ಲವೆಂಬುದು ವಿದಿತವಾಗುವುದು.

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರಿನ ಕುರಿಯ ತಳಿಯಿಂದ ಪ್ರಸಿದ್ಧವಾದ ಗ್ರಾಮವಷ್ಟೆ. ಇಂತಹ ಗ್ರಾಮಗಳಲ್ಲಿ ಸರ್ಕಾರದ ಲೆಕ್ಕವನ್ನು ಬರೆಯುತ್ತಿದ್ದವನು ಶಾನುಭೋಗನು. ಅವನ ಮನೆಯ ಜಗುಲಿಯೇ ಕಚೇರಿ. ಜಮಾಬಂದಿಯ ಕಾಲದಲ್ಲಿ ಕಡತಗಳನ್ನು ಹೊತ್ತು ತಾಲ್ಲೂಕಿಗೆ ಹೋಗುವನು. ಅದು ಮುಗಿದೊಡನೆ ಮನೆಗೆ ಮರಳುವನು. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಕೈಗೊಂಡ ತರುವಾಯ ರಾಜ್ಯದ ಹಿರಿಯ ಕಚೇರಿಗಳು ಬೆಂಗಳೂರಿನಲ್ಲಿ ನೆಲೆಗೊಂಡವು. 1868ರಲ್ಲಿ ಹದಿನೆಂಟು ಇಲಾಖೆಗಳು ಅಠಾರಾ ಕಚೇರಿಯ ಒಂದೇ ಸೂರಿನಡಿ ಸೇರಿದವು. 1882ರಲ್ಲಿ ಮದ್ದೂರು, ಮಂಡ್ಯಗಳನ್ನು ಹಾಯ್ದು ಮೈಸೂರನ್ನು ಮುಟ್ಟಿದ ರೈಲುದಾರಿಯು ಅಕ್ಷರ ಬಲ್ಲವರ ಪ್ರಯಾಣವನ್ನು ಸುಗಮಗೊಳಿಸಿತು. ಕೊನೆಗೆ 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆಯೂ ರದ್ದಾಯಿತು. ಊರಿನ ದಫ್ತರವು ಒಂದು ಮನೆತನದ ಸೊತ್ತಾಗಕೂಡದೆಂಬ ಆ ನಿರ್ಣಯವು ನ್ಯಾಯವಾದುದೇ ಸರಿ.

2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಪ್ರವಾಹವು ಹಿಮ್ಮುಖವಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳು ಹುಟ್ಟೂರುಗಳಿಗೆ ಬಂದು ಜಗುಲಿಯನ್ನು ಪುನಃ ಕಚೇರಿಯಾಗಿ ಮಾಡಿಕೊಂಡರು. ವಿದ್ಯುತ್ತು ಹೋಗುವ, ಇಂಟರ್‌ನೆಟ್ ಕಡಿಯುವ ತೊಂದರೆಗಳಿದ್ದರೂ ವೃದ್ಧರಾದ ತಂದೆತಾಯಿಗಳ ಪಕ್ಕದಲ್ಲಿ ಕುಳಿತು ದುಡಿಯುವ ಭಾಗ್ಯವು ಅವರಿಗೆ ದೊರೆಯಿತು. ಅದು ಬಹುಕಾಲ ಉಳಿಯಲಿಲ್ಲ. ಸಂಸ್ಥೆಗಳು ಒಂದೊಂದಾಗಿ ನೌಕರರನ್ನು ಹಿಂದಕ್ಕೆ ಕರೆದವು; ಟಿ.ಸಿ.ಎಸ್. ಸಂಸ್ಥೆಯು 2023ರ ಅಕ್ಟೋಬರ್ 1ರಿಂದ ವಾರದ ಐದು ದಿನಗಳೂ ಕಚೇರಿಗೆ ಬರತಕ್ಕದ್ದೆಂದು ವಿಧಿಸಿತು.

ಈ ಮರಳುವಿಕೆಯ ವೆಚ್ಚವನ್ನು ಯಾರು ತೆತ್ತರು? ಬಾಡಿಗೆ, ಮುಂಗಡ, ದಾರಿಯಲ್ಲಿ ಕಳೆಯುವ ಗಂಟೆಗಳು, ಇವೆಲ್ಲ ನೌಕರನ ಪಾಲಿಗೇ ಬಂದವು. ಸುಮಾರು ನೂರು ಕಿಲೋಮೀಟರಿನ ದೂರವನ್ನು ನಿತ್ಯವೂ ಹೋಗಿಬರುವುದು ದುಸ್ಸಾಧ್ಯವಾದುದರಿಂದ ಸಂಸಾರವನ್ನು ಇಬ್ಭಾಗಿಸಬೇಕಾಯಿತು. ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುವ ಕೈ ಒಂದು ಮನೆಯಲ್ಲಿ ಕಡಮೆಯಾದುದಕ್ಕೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಅಂಕಣವಿಲ್ಲ.

ಒಡನೆ ಕುಳಿತು ದುಡಿಯುವುದರಿಂದ ಎಳೆಯರು ಹಿರಿಯರಿಂದ ಕಲಿಯುವರೆಂಬ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಾನುಭೋಗನ ಕಡತವು ಅವನ ಮನೆಯಲ್ಲಿದ್ದುದರಿಂದಲೇ ಅದನ್ನು ಹೊರಗೆ ತರಬೇಕಾಯಿತು. ಇಂದಿನ ನೌಕರನ ಕಡತವಾದರೋ ಅವನ ಮನೆಯಲ್ಲಿಯೇ ಇಲ್ಲ. ಹಾಗಿರುವಲ್ಲಿ ಮನುಷ್ಯನನ್ನೇ ಕರೆಯುವವರು, ಆ ಕರೆಯ ಬೆಲೆಯಲ್ಲಿ ತಮ್ಮ ಪಾಲನ್ನೂ ತೆರುವುದು ಧರ್ಮವಲ್ಲವೆ?