ಬೆಳ್ಳಿತೆರೆಗೆ ಬಂದ ನಾಥಾನ್

ಜರ್ಮನ್ ನಾಟಕಕಾರ ಲೆಸ್ಸಿಂಗನ 'ಜ್ಞಾನಿ ನಾಥಾನ್' ಪ್ರಕಟವಾದುದು 1779ರಲ್ಲಿ. ಅದು ಹುಟ್ಟಿದ್ದೇ ಒಂದು ಕಲಹದಿಂದ. ಹ್ಯಾಂಬರ್ಗಿನ ಪಾದ್ರಿ ಗೋಯೆಟ್ಸನೊಡನೆ ಲೆಸ್ಸಿಂಗನು ನಡೆಸುತ್ತಿದ್ದ ಧರ್ಮಚರ್ಚೆ ಕಾವೇರಲು, ಅವನ ಒಡೆಯನಾದ ಬ್ರೌನ್‌ಷ್ವೈಗಿನ ಡ್ಯೂಕನು 1778ರಲ್ಲಿ ಅವನ ಲೇಖನಿಗೆ ಕಡಿವಾಣ ಹಾಕಿದನು. ಪತ್ರಿಕೆಯಲ್ಲಿ ಆಡಲಾಗದ ಮಾತನ್ನು ಲೆಸ್ಸಿಂಗನು ನಾಟಕದಲ್ಲಿ ಆಡಿದನು.

ಕಥೆ ನಡೆಯುವುದು ಧರ್ಮಯುದ್ಧಗಳ ಕಾಲದ ಜೆರೂಸಲೇಮಿನಲ್ಲಿ. ಮೂರು ಮತಗಳಲ್ಲಿ ಯಾವುದು ನಿಜವೆಂದು ಸುಲ್ತಾನ ಸಲಾದಿನ್ ಯೆಹೂದಿ ವರ್ತಕ ನಾಥಾನನನ್ನು ಕೇಳುತ್ತಾನೆ. ನಾಥಾನನು ಉತ್ತರವಾಗಿ ಮೂರು ಉಂಗುರಗಳ ಕಥೆ ಹೇಳುತ್ತಾನೆ. ತೊಟ್ಟವನನ್ನು ದೇವರಿಗೂ ಜನಕ್ಕೂ ಪ್ರಿಯನನ್ನಾಗಿಸುವ ಉಂಗುರ ಒಂದೇ. ತಂದೆ ಮಾಡಿಸಿಕೊಟ್ಟುದರಿಂದ ಮೂವರು ಮಕ್ಕಳ ಬಳಿಯೂ ಒಂದೊಂದಿದೆ. ಯಾವುದು ಅಸಲೆಂಬುದನ್ನು ಅವರವರ ನಡತೆಯೇ ತೋರಿಸಲೆಂದು ನ್ಯಾಯಾಧೀಶನ ತೀರ್ಪು. ಈ ನಾಟಕವನ್ನು ರಂಗದ ಮೇಲೆ ನೋಡುವ ಭಾಗ್ಯ ಲೆಸ್ಸಿಂಗನಿಗಿರಲಿಲ್ಲ. ಅವನು 1781ರಲ್ಲಿ ತೀರಿಕೊಂಡನು. ಮೊದಲ ಪ್ರಯೋಗ 1783ರಲ್ಲಿ, ಬರ್ಲಿನ್ನಿನಲ್ಲಿ.

ಮಾತೇ ಜೀವಾಳವಾದ ಈ ನಾಟಕವನ್ನು 1922ರಲ್ಲಿ ಮ್ಯೂನಿಚ್ಚಿನಲ್ಲಿ ಮೂಕಚಿತ್ರವಾಗಿ ತೆಗೆದವನು ಮಾನ್‌ಫ್ರೆಡ್ ನೋವಾ. ಹುಚ್ಚು ಸಾಹಸವೆಂದು ತೋರೀತು. ಆದರೆ ನಾಟಕ ಪಾಠ ಹೇಳುವ ನನಗೆ ಅದರಲ್ಲೊಂದು ಸೂಕ್ಷ್ಮ ಕಾಣುತ್ತದೆ. ಕ್ರೈಸ್ತರು ಹಚ್ಚಿದ ಬೆಂಕಿಯಲ್ಲಿ ನಾಥಾನನ ಹೆಂಡತಿಯೂ ಏಳು ಗಂಡುಮಕ್ಕಳೂ ಬೆಂದುಹೋದರು. ಆ ದುಃಖದ ನಡುವೆಯೇ ಅವನು ಕ್ರೈಸ್ತ ಹಸುಳೆಯೊಂದನ್ನು ಎತ್ತಿ ಸಾಕಿದನು. ನಾಟಕದಲ್ಲಿ ಇದು ನಾಲ್ಕನೆಯ ಅಂಕದಲ್ಲಿ ಬರುವ ಒಂದು ನೆನಪಿನ ಮಾತು ಮಾತ್ರ. ಚಿತ್ರದಲ್ಲಿ ಆ ಹತ್ಯೆ ಕಣ್ಣೆದುರಿಗೆ ಬರುತ್ತದೆ. ಕೇಳಿ ಮರೆಯಬಹುದಾದುದನ್ನು ಕಂಡು ಮರೆಯುವುದು ಕಷ್ಟ.

ಮ್ಯೂನಿಚ್ಚಿನ ಅಧಿಕಾರಿಗಳು ಅನುಮತಿ ಕೊಡಲು ಹಿಂಜರಿದರು. ಬರ್ಲಿನ್ನಿನಲ್ಲಿ ಒಪ್ಪಿಗೆ ದೊರೆತು, 1922ರ ಡಿಸೆಂಬರಿನಲ್ಲಿ ಚಿತ್ರ ಅಲ್ಲಿ ತೆರೆ ಕಂಡಿತು. ಮರುವರ್ಷ ಮ್ಯೂನಿಚ್ಚಿಗೆ ಬಂದಾಗ ನಾಜಿಗಳ ಬೆದರಿಕೆಗೆ ಅಂಜಿ ಚಿತ್ರಮಂದಿರದ ಮಾಲೀಕನು ಅದನ್ನು ತೆಗೆದುಹಾಕಿದನು. ಹಿಟ್ಲರನು ಅಧಿಕಾರಕ್ಕೆ ಬರಲು ಇನ್ನೂ ಹತ್ತು ವರ್ಷಗಳಿದ್ದುವೆಂಬುದನ್ನು ಗಮನಿಸಬೇಕು. ಕಾನೂನು ಇನ್ನೂ ಇತ್ತು. ಕಾಯುವವರು ಮಾತ್ರ ಇರಲಿಲ್ಲ.

ನಾಥಾನನ ಪಾತ್ರ ವಹಿಸಿದವನು ಹೆಸರಾಂತ ನಟ ವೆರ್ನರ್ ಕ್ರೌಸ್. ಅದೇ ಕ್ರೌಸ್, 1940ರಲ್ಲಿ ನಾಜಿಗಳ ಪ್ರಚಾರಕ್ಕಾಗಿ ತಯಾರಾದ 'ಯೂದ್ ಸ್ಯೂಸ್' ಚಿತ್ರದಲ್ಲಿ ಹಲವು ಯೆಹೂದಿಗಳ ಪಾತ್ರಗಳನ್ನು ಒಬ್ಬನೇ ಅಭಿನಯಿಸಿದನು; ಆ ಜನಾಂಗವನ್ನು ಹೇಯವಾಗಿ ತೋರಿಸುವುದೇ ಆ ಚಿತ್ರದ ಉದ್ದೇಶ. ಎರಡು ಕಡೆಯೂ ಅಭಿನಯ ಸಮರ್ಥವೇ. ಕಲೆ ಮನುಷ್ಯನನ್ನು ತಿದ್ದುತ್ತದೆಂದು ನಾವು ಸಾಹಿತ್ಯದ ಅಧ್ಯಾಪಕರು ಹೇಳುತ್ತಲೇ ಬಂದಿದ್ದೇವೆ. ನಾಥಾನನ ಮನಸ್ಸನ್ನು ಅಷ್ಟು ಹತ್ತಿರದಿಂದ ಹೊಕ್ಕುಬಂದ ನಟನನ್ನೇ ಅದು ತಿದ್ದಲಿಲ್ಲವಲ್ಲ ಎಂಬ ಪ್ರಶ್ನೆಗೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಉಂಗುರ ತೊಟ್ಟರಾಗದು, ನಡತೆ ಬೇಕೆಂಬ ನ್ಯಾಯಾಧೀಶನ ಮಾತು ಕಲಾವಿದನಿಗೂ ಅನ್ವಯಿಸುತ್ತದೆ, ಅಧ್ಯಾಪಕನಿಗೂ ಅನ್ವಯಿಸುತ್ತದೆ.

ನಾಜಿ ಆಡಳಿತದಲ್ಲಿ ಜರ್ಮನ್ ರಂಗಭೂಮಿ ನಾಥಾನನಿಗೆ ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡ ಯೆಹೂದಿ ಕಲಾವಿದರು ಬರ್ಲಿನ್ನಿನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು, 1933ರ ಅಕ್ಟೋಬರಿನಲ್ಲಿ ಇದೇ ನಾಟಕದಿಂದ ಅದನ್ನು ಆರಂಭಿಸಿದರು. ನೋಡಲು ಬಂದವರೂ ಯೆಹೂದಿಗಳೇ. ಯುದ್ಧ ಮುಗಿದ ಮೇಲೆ, 1945ರ ಸೆಪ್ಟೆಂಬರಿನಲ್ಲಿ, ಪಾಳುಬಿದ್ದ ಬರ್ಲಿನ್ನಿನ ಡಾಯ್ಚಸ್ ಥಿಯೇಟರ್ ಮತ್ತೆ ತೆರೆದುದೂ 'ನಾಥಾನ್'ನಿಂದಲೇ.

ಚಿತ್ರ ಮಾತ್ರ ಕಳೆದುಹೋಯಿತೆಂದೇ ಎಲ್ಲರೂ ತಿಳಿದಿದ್ದರು. 1996ರಲ್ಲಿ ಅದರ ಒಂದು ಪ್ರತಿ ಮಾಸ್ಕೋದ ಚಲನಚಿತ್ರ ಭಂಡಾರದಲ್ಲಿ ಸಿಕ್ಕಿತು. ಅದನ್ನು ಮತ್ತೆ ಸರಿಪಡಿಸಿ ಜನರ ಮುಂದಿಟ್ಟುದು ಮ್ಯೂನಿಚ್ಚಿನ ಚಲನಚಿತ್ರ ವಸ್ತುಸಂಗ್ರಹಾಲಯ. ಬೆದರಿಕೆಗೆ ಮಣಿದು ಅದನ್ನು ಹೊರಹಾಕಿದ ಊರೇ ಕಡೆಗೆ ಬರಮಾಡಿಕೊಂಡಿತು. ಆದರೆ ನಡುವೆ ಎಪ್ಪತ್ತಕ್ಕೂ ಮೀರಿ ವರ್ಷಗಳು ಕಳೆದಿದ್ದುವು.